ಸೌಟಿನ ಲೆಕ್ಕ

ಗುತ್ತಲು ರಸ್ತೆಯಲ್ಲಿ, ಶಾಮಿಯಾನದ ಅಂಗಡಿಯ ಮೇಲೆ
ಹನ್ನೆರಡಡಿಗೆ ಹತ್ತಡಿ, ನಮ್ಮ ಕಂಪನಿ.
ಕೆಳಗೆ ಜವರಪ್ಪನವರ ಕೊಳದಪ್ಪಲೆ, ಜಮಖಾನ,
ಮಡಚಿಟ್ಟ ಮುನ್ನೂರು ಕುರ್ಚಿ.
ಮೇಲೆ ಶಬೀನಾ, ನಾನು, ಎರಡು ಲ್ಯಾಪ್‌ಟಾಪು,
ಕಾಲು ಕುಂಟುವ ಒಂದು ಟೇಬಲ್ಲು.

ಮುಂಗಡ ಕೊಟ್ಟ ದಿನ ಕೇಳಿದರು:
'ಮಿಷನ್ನೆಲ್ಲಿ ಕಣವ್ವ? ಕಂಪ್ನಿ ಅಂತೀರ,
ಒಂದು ಮಿಷನ್ನೂ ಕಾಣೆ.'
ಮುಂಬಯಿಯಲ್ಲಿ ಎಂದೆ. ಯಾರದೋ ಕಟ್ಟಡ,
ನಾವು ನೋಡಿಲ್ಲ, ನೋಡುವುದೂ ಇಲ್ಲ. ಗಂಟೆ ಲೆಕ್ಕ.
ಬೇಕಾದಾಗ ಹತ್ತು, ಬೇಡವಾದಾಗ ಒಂದು.
ಕ್ಲೌಡ್ ಅಂತಾರೆ. ಮೋಡ.
ಅವರು ಬೀಡಿ ಆರಿಸಿ ನಕ್ಕರು:
'ಮೋಡ ಎಲ್ಲಾರ ಬಾಡ್ಗೆ ಕೇಳಾದಾ?
ಇದು ನನ್ನ ಕಸುಬು ಬುಡು. ಶಾಮಿಯಾನ.'

ಅವತ್ತಿನಿಂದ ಈ ಕಟ್ಟಡದಲ್ಲಿ ಅದರ ಹೆಸರು ಅದೇ.

ನಮ್ಮ ಕೆಲಸ ದೊಡ್ಡದಲ್ಲ. ಆಲೆಮನೆಗೆ ಬಂದ ಕಬ್ಬು,
ಯಾರ ಗಾಡಿ, ಎಷ್ಟು ತೂಕ, ಕೊಪ್ಪರಿಗೆಗೆ ಎಷ್ಟು ಅಚ್ಚು,
ಬೆಳೆದವರ ಮೊಬೈಲಿಗೆ ಒಂದು ಚೀಟಿ.
ಮೊದಲ ತಿಂಗಳು ನಾಲ್ಕೇ ಆಲೆಮನೆ,
ಒಂದು ನನ್ನ ಚಿಕ್ಕಪ್ಪನದು, ದಾಕ್ಷಿಣ್ಯದ್ದು.
ಹೊಸಬರಿಗೆಂದು ಬಿಟ್ಟಿ ಕೊಟ್ಟ ಸಣ್ಣ ಸರ್ವರು
ಆಕಳಿಸುತ್ತ ಕೂತಿತ್ತು.

ಸಂಕ್ರಾಂತಿಯ ಹಿಂದಿನ ವಾರ
ಪಾಂಡವಪುರದ ಕಡೆಯಿಂದ, ಮದ್ದೂರಿನ ಕಡೆಯಿಂದ
ನೂರ ಎಪ್ಪತ್ತು ಆಲೆಮನೆ ಒಂದೇ ಪಂಕ್ತಿಗೆ ಕೂತವು.
ರಾತ್ರಿ ಎರಡಕ್ಕೆ ಪರದೆಯ ಮೇಲೆ ಗೆರೆ ಏರುವುದನ್ನು
ಉಸಿರು ಬಿಗಿಹಿಡಿದು ನೋಡಿದೆವು.
ಒಂದಿದ್ದದ್ದು ಮೂರಾಯಿತು, ಮೂರು ಒಂಬತ್ತು,
ಯಾರೂ ಲಾರಿಯಿಂದ ಇಳಿಸದೆ, ಯಾರೂ ಕೂಗದೆ,
ಹಾಕಿದಷ್ಟು ಎಲೆಗೂ ಅನ್ನ ಬಂತು.
ಶಬೀನಾ ಅತ್ತಳು. ಹಸಿವಿಗೋ ಏನೋ ಎಂದಳು.

ಬಿಲ್ಲು ಬಂದದ್ದು ಮೂರನೇ ತಾರೀಖು, ಡಾಲರಿನಲ್ಲಿ.
ರೂಪಾಯಿಗೆ ತಿರುಗಿಸಿದೆ. ಇನ್ನೊಮ್ಮೆ ತಿರುಗಿಸಿದೆ.
ಸೊನ್ನೆ ಕಡಿಮೆಯಾಗಲಿಲ್ಲ.
ಪರೀಕ್ಷೆಗೆಂದು ನಾನೇ ಎಬ್ಬಿಸಿದ್ದ ಆರು ಯಂತ್ರ
ಉಂಡವರು ಎದ್ದುಹೋದ ಚಪ್ಪರದಲ್ಲಿ
ದೀಪ ಉರಿಸಿಕೊಂಡು ಕೂತಿದ್ದವು,
ಹದಿನೇಳು ದಿನ, ಯಾರಿಗೂ ಏನನ್ನೂ ಬಡಿಸದೆ.

ಜವರಪ್ಪ ಬೈಯಲಿಲ್ಲ. ಈ ತಿಂಗಳ ಬಾಡಿಗೆ ಆಮೇಲೆ ಕೊಡಿ ಅಂದರು.
ಕೆಳಗೆ ಕರೆದರು.
ಮದುವೆಮನೆಯಿಂದ ಮರಳಿದ ಗೋಣಿಯನ್ನು ನೆಲಕ್ಕೆ ಸುರಿದು
ಒಂದೊಂದೇ ಸರಿಸಿದರು, ಬಾಯಲ್ಲಿ ಅಂಕಿ, ಬೆರಳಲ್ಲಿ ಜಿಡ್ಡು.
'ದಪ್ಪಲೆ ಯಾರೂ ಮರೆಯಾಕಿಲ್ಲ, ದೊಡ್ಡದು.
ಅಂಗ್ಡಿ ಮುಳುಗ್ಸೋದು ಸೌಟು ಕಣವ್ವ.
ಎಣಿಸ್ದೆ ಬೀಗ ಹಾಕ್ಬ್ಯಾಡಿ.'

ಈಗ ರಾತ್ರಿ ಒಂಬತ್ತಕ್ಕೆ ಹತ್ತು ಸಾಲಿನ ಒಂದು ಪ್ರೋಗ್ರಾಮು
ಸುಮ್ಮನೆ ಉರಿಯುವುದನ್ನೆಲ್ಲ ಎಣಿಸಿ ಆರಿಸುತ್ತದೆ.
ಅದರ ಹೆಸರು ಸೌಟು.
ಹಣ ಹಾಕಲು ಬಂದವರೊಬ್ಬರು ಆ ಪದ ಕಂಡು ಏನಿದು ಎಂದರು.
ಹೇಳಿ ಮುಗಿಸುವಷ್ಟರಲ್ಲಿ ಅವರ ಕಾಫಿ ಆರಿತ್ತು.
ಹಣ ಇನ್ನೂ ಬಂದಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಮುಂಬಯಿಯೇ ಮಲಗಿತು,
ಎರಡೂ ಮುಕ್ಕಾಲು ಗಂಟೆ.
ನಾವು ಕೈಕಟ್ಟಿ ಕೂತೆವು. ಬೇರೆಯವರ ಚಪ್ಪರ,
ಕಂಬ ಹಿಡಿಯಲೂ ಆಗದು.
ಕೀಲಾರದ ಆಲೆಮನೆಯಲ್ಲಿ ತೂಕ ಬರೆಯುವ ಹೊಂಬಾಳಮ್ಮ
ಮೊಬೈಲನ್ನು ಎರಡು ಸಲ ತಟ್ಟಿ, ಸೊಂಟಕ್ಕೆ ಸಿಕ್ಕಿಸಿ,
ಒಲೆಬಾಯಿಂದ ಒಂದು ಇದ್ದಿಲು ಎಳೆದುಕೊಂಡು
ಗೋಡೆಗೆ ಗೆರೆ ಹಾಕತೊಡಗಿದಳಂತೆ, ಗಾಡಿಗೊಂದು.
ಮುಂಬಯಿ ಎದ್ದಮೇಲೆ ಎಲ್ಲವನ್ನೂ ಮೊಬೈಲಿಗೆ ತುಂಬಿದಳು.

ಮಾರನೇ ದಿನ ತಾಳೆ ನೋಡಲು ಹೋದೆವು.
ನಮ್ಮಲ್ಲಿ ಇಪ್ಪತ್ತಾರು. ಗೋಡೆಯಲ್ಲಿ ಇಪ್ಪತ್ತೇಳು.
ಒಂದು ಗಾಡಿ ಕಬ್ಬು ದಾರಿಯಲ್ಲೆಲ್ಲೋ ಕರಗಿದೆ.
ಶಬೀನಾ ಗಂಟೆಗಟ್ಟಲೆ ಲಾಗು ಕೆದಕಿದಳು, ಸಿಗಲಿಲ್ಲ.
ಹೊಂಬಾಳಮ್ಮ ಸೆರಗಿಗೆ ಕೈ ಒರೆಸಿಕೊಂಡು
'ಕೊನೇದು ಯಾಮೇಗೌಡ್ರ ಗಾಡಿ,
ಎಡಗಡೆ ಎತ್ತು ಕುಂಟ್ತಿತ್ತು' ಎಂದಳು. ಅಷ್ಟೇ.

ಇಪ್ಪತ್ತೇಳು ಎಂದು ತಿದ್ದಿದೆವು.
ಮಂಡ್ಯದ ಬಸ್ಸಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು
ಶಬೀನಾ ಫಾರಮ್ಮಿಗೆ ಹೊಸದೊಂದು ಕಾಲಂ ಸೇರಿಸಿದಳು,
ಖಾಲಿ ಬಿಟ್ಟರೂ ನಡೆಯುವಂಥದ್ದು:
ಗೋಡೆ ಲೆಕ್ಕ.