ಇನ್ನರ್ಧ ನಿಂಬೆಹಣ್ಣು

ಪವಿತ್ರ ಗುರುವಾರ ಬಿಷಪ್ಪರು ತೊಳೆಯಬೇಕಾದ ಹನ್ನೆರಡು ಜೊತೆ ಕಾಲು
ಮಧ್ಯಾಹ್ನವೇ ನನ್ನ ಕೈಗೆ ಬರುತ್ತವೆ.
ಇಗರ್ಜಿಯ ಹಿಂದಣ ಬಾವಿಕಟ್ಟೆ, ತಗಡಿನ ತೊಟ್ಟಿ,
ತೆಂಗಿನ ನಾರು, ಬಟ್ಟೆ ಸೋಪು, ಅರ್ಧ ನಿಂಬೆಹಣ್ಣು.

"ವಾಸನೆ ಬರಕೂಡದು, ಎಪಿಫಾನಿಯ."
ದೊನ್ಯಾ ಕಾನ್ಸೊರ್ಸಿಯಾರ ಅಪ್ಪಣೆ.
ಇಗರ್ಜಿಯ ಗಂಟೆ ಅವರ ಗಂಡನ ದಾನ,
ಮುಂದಿನ ಬೆಂಚು ಮಾವನದು, ಹಿತ್ತಾಳೆಯಲ್ಲಿ ಹೆಸರಿದೆ.
ಕೇಳಿದರೆ, ಬಾವಿಯೂ ಅವರದೇ.

ಕಬ್ಬು ಕಡಿಯುವವನ ಕಾಲು ಸುಮ್ಮನೆ ಬೆಳ್ಳಗಾಗುವುದಿಲ್ಲ.
ಸುಟ್ಟ ಗದ್ದೆಯ ಮಸಿ ಹಿಮ್ಮಡಿಯ ಬಿರುಕಿಗಿಳಿದು
ಅಲ್ಲೇ ಬಿಡಾರ ಹೂಡಿರುತ್ತದೆ, ಬಾಡಿಗೆ ಕೊಡದೆ.
ನಮ್ಮ ನೀಗ್ರೋಸ್ ದ್ವೀಪದಲ್ಲಿ
ಬಾಡಿಗೆಯಿಲ್ಲದೆ ಬದುಕಿರುವುದು ಅದೊಂದೇ.

ಸೆರಾಪಿಯೊನ ಎಡಗಾಲಿಗೆ ನಾಲ್ಕೇ ಬೆರಳು.
ಐದನೆಯದನ್ನು ಕತ್ತಿ ತಿಂದಾಗ ಅವನಿಗೆ ಹದಿಮೂರು.
"ಈ ಸಲ ಯಾವ ಶಿಷ್ಯನೋ ನೀನು?"
"ಹೋದ ವರ್ಷ ಯೋಹಾನ.
ಈ ವರ್ಷ ಮುಂಗಡ ಕೇಳಿದೆನಲ್ಲ,
ಯೂದನ ಕುರ್ಚಿ ಕೊಟ್ಟಿದ್ದಾರೆ."
ಇಬ್ಬರೂ ನಕ್ಕೆವು, ತೊಟ್ಟಿಯ ನೀರು ಕಪ್ಪಾಗುವವರೆಗೆ.

ಸಂಜೆಗೆ ಬೆಳ್ಳಿಯ ಬೋಗುಣಿ, ಪನ್ನೀರು.
ಬಿಷಪ್ಪರು ಮಂಡಿಯೂರುತ್ತಾರೆ, ಮಂಡಿಗೊಂದು ದಿಂಬು.
ಬಲಗಾಲು ಮಾತ್ರ. ಮೂರು ಹನಿ, ಬಿಳಿ ವಸ್ತ್ರ, ಒಂದು ಮುತ್ತು.
ಬೋಗುಣಿಯ ನೀರು ತಿಳಿಯಾಗಿ ಹೋಗಿ
ತಿಳಿಯಾಗಿಯೇ ಮರಳುತ್ತದೆ.
ದೊನ್ಯಾ ಕಣ್ಣೊರೆಸಿಕೊಳ್ಳುತ್ತಾರೆ.
ಕಳ್ಳ ಅಳು ಅಂತ ನಾನನ್ನುವುದಿಲ್ಲ. ನಿಜದ್ದೇ.
ಶನಿವಾರದ ಬಟವಾಡೆಯಲ್ಲಿ
ಹನ್ನೆರಡು ಜನರ ಅರ್ಧ ದಿನದ ಕೂಲಿ ಮುರಿಯುವುದೂ
ಅಷ್ಟೇ ನಿಜ.

ಈ ಸಲ ಮಾತ್ರ ಯೂದನ ಕುರ್ಚಿಯಿಂದ
ಎಡಗಾಲು ಮುಂದೆ ಬಂತು.
ಅದನ್ನು ನಾನು ತೊಳೆದಿರಲಿಲ್ಲ.
ಸೋಪು ಮುಗಿದಿತ್ತು
(ಯಾರಾದರೂ ಕೇಳಿದರೆ ಹಾಗೆನ್ನುತ್ತೇನೆ).

ಬಿಷಪ್ಪರ ಹೆಬ್ಬೆರಳು
ಇಲ್ಲದ ಬೆರಳಿನ ಜಾಗಕ್ಕೆ ಬಂದು ನಿಂತಿತು.
ಮೀನುಗಾರನ ಮಗನಂತೆ ಅವರು, ಹೇಳುವುದು ಕೇಳಿದ್ದೇನೆ.
ತಲೆಯೆತ್ತಲಿಲ್ಲ. ನೀರು ಹೊಯ್ದರು,
ಉಜ್ಜಿದರು, ಮತ್ತೆ ಹೊಯ್ದರು.
ಗಾಯಕರು ಹಾಡು ಮುಗಿಸಿ, ಒಬ್ಬರನ್ನೊಬ್ಬರು ನೋಡಿ,
ಮೊದಲಿಂದ ಎತ್ತಿಕೊಂಡರು.
ದೊನ್ಯಾರ ಕರವಸ್ತ್ರ ಕಣ್ಣಿನಿಂದ ಮೂಗಿಗೆ ಬಂತು.

ಅಷ್ಟೇ. ಬೇರೇನೂ ಆಗಲಿಲ್ಲ.
ದಿಂಬನ್ನು ಒಳಗಿಟ್ಟರು. ಎಲ್ಲರೂ ಹೋದರು.
ಸೆರಾಪಿಯೊ ಚಪ್ಪಲಿ ಹುಡುಕಿದ.

ಬೋಗುಣಿ ಈಗ ಬಾವಿಕಟ್ಟೆಯ ಮೇಲಿದೆ.
ಬೆಳ್ಳಿಯ ಸುತ್ತ ಒಂದು ಕಪ್ಪು ಗೆರೆ,
ನೀರು ನಿಂತಿದ್ದ ಮಟ್ಟಕ್ಕೆ.
ಇನ್ನರ್ಧ ನಿಂಬೆಹಣ್ಣು ಹಾಗೇ ಇದೆ, ಉಜ್ಜಿದರೆ ಹೋಗುತ್ತದೆ.
ಉಜ್ಜುತ್ತೇನೆ.
ಈಸ್ಟರ್ ಕಳೆಯಲಿ.