ಬಲಕ್ಕೆ ಎರಡು ಕ್ಲಿಕ್

ಮಂಗಳೂರಿನ ಬಂದರು, ಒಣಮೀನಿನ ಓಣಿ.
ವೈಸಿನ ಬಾಯಲ್ಲಿ ಹಳೇ ಮಿಲಿಟರಿ ರೈಫಲ್.
ಗುಂಡು ಎಡಕ್ಕೆ ಹೋಗುತ್ತದಂತೆ, ಒಂದು ಗೇಣು.
ಸುಬೇದಾರ್ ದೂಮಣ್ಣ ರೈ ಹೇಳಿದ್ದು
ತಮ್ಮನ ಕುಡಿತದ ಬಗ್ಗೆ ಹೇಳುವ ಹಾಗೆ,
ದನಿ ತಗ್ಗಿಸಿ.

ತೂತು ಕೊರೆದೆ, ತಿರುಪು ಬಿಗಿದೆ,
ತಿರುಗಿಸಿದರೆ ಸರಿಯುವ ಹೊಸ ಗುರಿಕಣ್ಣು ಕೂರಿಸಿದೆ:
ಬಲಕ್ಕೆ ಎರಡು ಕ್ಲಿಕ್, ಮೇಲಕ್ಕೆ ಒಂದು.

ರೇಂಜಿನಲ್ಲಿ ಮೊದಲು ನಾನೇ ಹೊಡೆದೆ. ನಟ್ಟನಡುವೆ.
ಆಮೇಲೆ ಅವರು.
ಬಲಕ್ಕೆ, ಒಂದು ಗೇಣು.
ಮತ್ತೆ. ಮತ್ತೂ ಅಲ್ಲಿಗೇ.

ನಲವತ್ತು ವರ್ಷ ಬಂದೂಕಿನ ತಪ್ಪನ್ನು
ಅವರ ಹೆಗಲೇ ತಿದ್ದುತ್ತ ಬಂದಿತ್ತು;
ರಿಪೇರಿಯ ಸುದ್ದಿ
ಅದಕ್ಕಿನ್ನೂ ಮುಟ್ಟಿರಲಿಲ್ಲ.

"ಎಂತ ಮಾರಾಯ, ಹಳೇದೇ ಹಾಕು" ಎಂದರು.
ಹಾಕಿದೆ. ಕೊರೆದ ಎರಡು ತೂತಿಗೆ
ಮೇಣ ಮೆತ್ತಿದೆ.
ಕೂಲಿಯ ಮಾತು ಅವರೂ ಎತ್ತಲಿಲ್ಲ,
ನಾನೂ.