ಅರ್ಧ ಅಂಕ

ವಾರದ ಆರು ದಿನ ರಾಜಾಜಿನಗರದಲ್ಲಿ
ಹಲ್ಲಿನ ಸೆಟ್ಟು ಕಟ್ಟುತ್ತೇನೆ.
ಮೇಣ, ಪ್ಲಾಸ್ಟರು, ಗುಲಾಬಿ ವಸಡು.
ನಿಜದ ಹಲ್ಲಂತೆ ಕಾಣಲೆಂದು
ಒಂದೊಂದಕ್ಕೂ ತುಸು ಹಳದಿ ಬೆರೆಸುತ್ತೇನೆ.
ಏಳನೆಯ ದಿನ ಬೆಳಗಿನ ಜಾವ ನಾಲ್ಕೂವರೆಗೆ
ಶೆಟರು ಎತ್ತುತ್ತೇನೆ, ಮೆಲ್ಲಗೆ,
ಮೇಲಿನ ಮನೆಯವರಿಗೆ ಕೇಳದ ಹಾಗೆ.

ಒಳಗೆ ಎರಡು.
ಕೆಂಪು ಪಾಲಿಯೊಗೆ ನಾಲಗೆ ಉದ್ದ,
ಪೆಟ್ರೋಲು ಕುಡಿದಷ್ಟೂ ಬಾಯಾರಿಕೆ.
ದೇವನಹಳ್ಳಿ ದಾಟಿ ನಂದಿಯ ತಿರುವಿನಲ್ಲಿ
ಮೂರರಿಂದ ಎರಡಕ್ಕೆ ಗೇರು ಇಳಿಸಿದರೆ
ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತದೆ,
ಆಮೇಲೆ ಹಾಡುವುದಿಲ್ಲ, ಬೈಯುತ್ತದೆ,
ನನ್ನ ಸೋದರತ್ತೆ ಬೈದ ಹಾಗೆ,
ಉಸಿರು ತೆಗೆದುಕೊಳ್ಳದೆ, ಪ್ರೀತಿಯಿಂದ.
ಆರು ಸಾವಿರ ಆರ್‌ಪಿಎಂ.
ಸೂಜಿ ನಡುಗುತ್ತದೆ. ನಾನು ನಡುಗುವುದಿಲ್ಲ.
ವಾಪಸು ಬರುವಾಗ ಹೆಬ್ಬಾಳದಲ್ಲಿ
ಅದೇ ಎಂಜಿನ್ನು ಮೊದಲ ಗೇರಿನಲ್ಲಿ ಒಂದು ಗಂಟೆ.
ಕಡಲೆಕಾಯಿ ಗಾಡಿಯವನೊಬ್ಬ
ನನ್ನನ್ನು ಮೂರು ಸಲ ಹಿಂದಿಕ್ಕುತ್ತಾನೆ.

ಅರವತ್ತೆಂಟರ ಹೆರಾಲ್ಡು ಬೇರೆಯೇ ಜಾತಿ.
ಅದನ್ನು ಓಡಿಸುವುದಲ್ಲ, ಒಪ್ಪಿಸುವುದು.
ಕಲಾಸಿಪಾಳ್ಯದ ಗುಜರಿಯಲ್ಲಿ ಸಿಕ್ಕಾಗ
ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು.
ಇಡೀ ಬಾನೆಟ್ಟು ಮುಂದಕ್ಕೆ ಮಗುಚಿ
'ಆ' ಅನ್ನುತ್ತದೆ ಅದು; ನನಗೆ ಪರಿಚಿತ ಭಂಗಿ.
ಐದು ವರ್ಷ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದೆ
ಒಂದು ರಬ್ಬರಿಗೆ, ಒಂದು ಬುಶ್ಶಿಗೆ.
ವಿಲ್ಸನ್ ಗಾರ್ಡನ್ನಿನ ಗೌಸ್‌ಪೀರ್ ಸಾಬರಿಗೆ ಕಿವಿ ಮಂದ.
ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು
ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕೇಳುತ್ತಾರೆ:
'ಮೂರನೇ ಸಿಲಿಂಡರಿಗೆ ಮುನಿಸು.'
ಆ ಹಲ್ಲು ನಾನೇ ಕಟ್ಟಿಕೊಟ್ಟದ್ದು, ಮಜೂರಿಯ ಬದಲಿಗೆ.
'ಹೊಸ ಸೆಟ್ಟಿನಲ್ಲಿ ಸದ್ದು ಸ್ವಲ್ಪ ಮಸುಕು'
ಎಂದು ಈಗಲೂ ದೂರುತ್ತಾರೆ.

ಜನವರಿ. ಅರಮನೆ ಮೈದಾನ.
ಹುಲ್ಲಿನ ಮೇಲೆ ಸಾಲಾಗಿ
ಮೀಸೆ ತಿರುವಿದ ಬ್ಯೂಕು,
ಬೆಣ್ಣೆ ಬಣ್ಣದ ಮಾರಿಸ್ಸು, ಗುಡ್ಡದಂಥ ಡಾಡ್ಜು.
'ಮುಟ್ಟಬೇಡಿ' ಫಲಕದ ಮೇಲೇ ಎಷ್ಟೊಂದು ಬೆರಳಚ್ಚು.
ತೀರ್ಪುಗಾರ ಬೋಪಯ್ಯನವರು ಟಾರ್ಚು ಹಿಡಿದು ಮಂಡಿಯೂರಿದರು.
'ಬಣ್ಣ ಕಾರ್ಖಾನೆಯದೇ, ಭೇಷ್.
ವೈಪರಿನ ತಿರುಪು ಮಾತ್ರ ಈ ಕಾಲದ್ದು.'
ಅರ್ಧ ಅಂಕ ಕಳೆದರು.
ಕಪ್ಪು ಡಾಡ್ಜಿಗೆ ಹೋಯಿತು.

ಜನ ಕರಗುವ ಹೊತ್ತಿಗೆ ಒಬ್ಬರು ಬಂದರು,
ಮರ್ಸಿ ಸುಗುಣ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು.
ನಂಬರು ಪ್ಲೇಟಿನತ್ತ ನೋಡದೆಯೇ
ನಂಬರು ಹೇಳಿದರು, ಮಗ್ಗಿ ಒಪ್ಪಿಸಿದ ಹಾಗೆ.
'ನಮ್ಮದೇ. ಆದರೆ ಇದು ನೀಲಿ.'
ಇಲ್ಲಮ್ಮ, ಬಿಳಿ. ಕಾಗದ ತೋರಿಸಿದೆ.
'ಕಾರ್ಖಾನೆಗೇನು ಗೊತ್ತು?
ನಮ್ಮವರು ಗೋಡೆ ಬಳಿಯುವ ಬ್ರಶ್ಶಿನಲ್ಲಿ,
ಎರಡು ಭಾನುವಾರ ಚರ್ಚು ತಪ್ಪಿಸಿ ಬಳಿದರು.
ನನ್ನ ಸೀರೆಗೂ ಹತ್ತಿತ್ತು.'
ಹಾರ್ನು ಒತ್ತಲೇ ಎಂದು ಕೇಳಿ, ಒತ್ತಿ,
ತಾವೇ ಬೆಚ್ಚಿ ನಕ್ಕರು.
ಸೆಟ್ಟು ಸರಿಯಾಗಿ ಕೂತಿರಲಿಲ್ಲ.
ಯಾರೋ ಅವಸರದಲ್ಲಿ ಕಟ್ಟಿದ್ದು.

ಆ ರಾತ್ರಿ ಶೆಟರು ಇಳಿಸಿ
ಡಿಕ್ಕಿಯಿಂದ ಸ್ಟೆಪ್ನಿ ಎತ್ತಿದೆ.
ಸಾಬರ ಸ್ಯಾಂಡ್‌ಪೇಪರು ತಲುಪದ ಒಂದು ಮೂಲೆ.
ಮೇಣ ಕೆತ್ತುವ ಚಾಕುವಿನಿಂದ ಕೆರೆದೆ,
ಕಡಲೆಕಾಳಿನಷ್ಟು.
ಬಿಳಿ. ಬೂದಿ ಬಣ್ಣದ ಪ್ರೈಮರು.
ಆಮೇಲೆ ನೀಲಿ,
ಅದರೊಳಗೆ ಅಂಟಿಕೊಂಡೇ ಉಳಿದ
ಬ್ರಶ್ಶಿನ ಒಂದು ಕೂದಲು.

ಬರುವ ಜನವರಿಗೆ ಬೋಪಯ್ಯನವರು ಟಾರ್ಚು ತರಲಿ,
ಇನ್ನರ್ಧ ಕಳೆಯಲಿ.
ಮುಚ್ಚುವುದಿಲ್ಲ.